ಎರಡು ಬೆರಳು ಬಟ್ಟೆ

ಹೊಲಿಗೆ ಅಂಗಡಿ, ಹಿಂದಿನ ಕೋಣೆ
ಹನ್ನೊಂದನೇ ತಾರೀಖು, ಭಾನುವಾರ

ಪ್ರೀತಿಯ ದೊಡ್ಡ ಮಗಳಿಗೆ,

ಮೂವತ್ತೆಂಟು ವರ್ಷ ಮೂರು ಶಾಲೆಗಳ ಸಮವಸ್ತ್ರ ಹೊಲಿದವಳು, ಯಾರ ಮುಂದೆಯೂ ಕೈಚಾಚದೆ ಇಬ್ಬರು ಮಕ್ಕಳನ್ನು ದಡ ಸೇರಿಸಿದವಳು, ನಿನ್ನ ತಾಯಿ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಕೊನೆಯ ಮಾತು ಇನ್ನೂ ನನ್ನದೇ. ಅದನ್ನು ನೆನಪಿಟ್ಟುಕೊಂಡು ಮುಂದೆ ಓದು. ಮೊದಲು ನಿನ್ನ ಕೈ ಹೇಗಿದೆ ಹೇಳು. ಕೆಮ್ಮು ನಿಂತಿತೆ? ಆ ಮೀನಿನ ಶೀತಲ ಗೋದಾಮಿನಲ್ಲಿ ಎರಡು ಜೊತೆ ಕೈಗವಸು ಹಾಕಿಕೋ ಎಂದಿದ್ದೆ. ಹಾಕಿಕೊಂಡರೆ ಕೆಲಸ ನಿಧಾನವಾಗುತ್ತದೆಂದು ಮೇಸ್ತ್ರಿ ಬೈಯುತ್ತಾನೆ ಎಂದು ನೀನು ಬರೆದಿದ್ದೆ. ಬೈದರೆ ಬೈಯಲಿ. ನನ್ನ ಮೊಣಕಾಲು ಇದ್ದ ಹಾಗೇ ಇದೆ.

ಮನೆಯ ವಿಷಯಕ್ಕೆ ಬರುತ್ತೇನೆ. ಪಕ್ಕದ ಬೀದಿಯ ಮೂಲೆಯಲ್ಲಿರುವ ಎರಡು ಕೋಣೆಯ ಮನೆಗೆ ನಾನು ಮುಂಗಡ ಕೊಟ್ಟು ಬಂದದ್ದು ನಿನಗೆ ಗೊತ್ತು. ನನ್ನ ಉಳಿತಾಯವೆಲ್ಲ ಅದಕ್ಕೆ, ಸಾಲದೆ ಬಂದದ್ದಕ್ಕೆ ನಿನ್ನ ಹೆಸರಿನಲ್ಲಿ ಹದಿನೆಂಟು ವರ್ಷದ ಬ್ಯಾಂಕ್ ಸಾಲ ತೆಗೆಯುವುದೆಂದು ಲೆಕ್ಕ. ನಿನ್ನ ತಮ್ಮ ಮೊದಲಿನಿಂದಲೂ ಬೇಡ ಅಂದ. ವಿಮೆ ಕಚೇರಿಯ ಗುಮಾಸ್ತ, ಅಂಕಿ ಕಂಡರೆ ಹಿಗ್ಗುವವನು. "ಅಮ್ಮಾ, ದುಡ್ಡನ್ನ ಇಂಡೆಕ್ಸ್ ಫಂಡ್‌ಗೆ ಹಾಕು, ನೀನು ಬಾಡಿಗೆ ಮನೇಲೇ ಇರು. ದೊಡ್ಡ ದೊಡ್ಡ ಕಂಪನಿಗಳಲ್ಲೆಲ್ಲ ಚೂರುಚೂರು ಪಾಲು. ನಿನ್ನ ಚೂರುಬಟ್ಟೆ ಹೊದಿಕೆ ಇದ್ದ ಹಾಗೆ, ಒಂದು ಚೂರು ಹರಿದ್ರೆ ಹೊದಿಕೆಯೇನೂ ಹೋಗಲ್ಲ" ಅಂದ. ಇಡೀ ಹೊದಿಕೆಗೇ ನುಸಿ ಹಿಡಿದ್ರೆ ಏನೋ ಮಾಡ್ತೀಯ ಅಂದೆ. "ಹಿಡಿಯುತ್ತೆ, ಆಮೇಲೆ ಬಿಡುತ್ತೆ. ಹತ್ತು ವರ್ಷ ಮುಟ್ಟಬಾರದು, ಅಷ್ಟೇ." ಹತ್ತು ವರ್ಷ ನಾನಿರುತ್ತೇನೆಯೆ ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನನಗೆ ಗೋಡೆ ಬೇಕಿತ್ತು. ಬಾಡಿಗೆ ಗೋಡೆಗೆ ಮೊಳೆ ಹೊಡೆಯಬಾರದೆಂಬುದನ್ನು ನಿಮ್ಮಪ್ಪ ಜೀವಮಾನವೆಲ್ಲ ಪಾಲಿಸಿದರು. ಅವರು ಹೋಗಿ ಒಂಬತ್ತು ವರ್ಷವಾದರೂ ಅವರ ಫೋಟೊ ಪೆಟ್ಟಿಗೆಯ ಮೇಲೆ ಗೋಡೆಗೆ ಒರಗಿಕೊಂಡೇ ಇತ್ತು, ಯಾರೋ ಎತ್ತಿಕೊಂಡು ಹೋಗಲು ಬರುವವರಿದ್ದಾರೆ ಎಂಬಂತೆ. ಸ್ವಂತ ಗೋಡೆಗೇ ತೂಗುಹಾಕುತ್ತೇನೆ ಎಂದು ಅವರಿಗೆ ಮಾತು ಕೊಟ್ಟಿದ್ದೆ.

ಆಮೇಲೆ ನಿನ್ನ ಕಾಗದ ಬಂತು. ಸಾಲ ಸಿಗಬೇಕಾದರೆ ಗೋದಾಮಿನಲ್ಲಿ ಇನ್ನೂ ಐದು ವರ್ಷದ ಕರಾರಿಗೆ ರುಜು ಹಾಕಬೇಕು, ಮುಂದಿನ ತಿಂಗಳು ಹಾಕುತ್ತೇನೆ ಎಂದು ಬರೆದಿದ್ದೆ. ಮಾತಿನಲ್ಲಿ ಅಳುಕಿರಲಿಲ್ಲ. ಅಕ್ಷರಗಳು ನಡುಗಿದ್ದವು. ಹನ್ನೆರಡನೇ ವಯಸ್ಸಿಗೇ ಕಾಲರ್ ಹೊಲಿದ ಕೈ ಅದು. ಅದರ ಗೆರೆ ನನಗೆ ಗೊತ್ತು. ಬೆಳೆಯುವ ಮಕ್ಕಳ ಬಟ್ಟೆಗೆ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟೇ ಹೊಲಿಯಬೇಕು, ಬಿಗಿಯಾದಾಗ ಬಿಚ್ಚಿ ಸಡಿಲಿಸಬಹುದು ಎಂದು ನಿನಗೆ ಕಲಿಸಿದವಳು ನಾನೇ. ಆ ಮನೆಯನ್ನು ಮಾತ್ರ ಅಂಚಿಗೆ ಅಂಚು ಕತ್ತರಿಸಿದ್ದೆ. ಬಿಚ್ಚಲು ಒಂದು ಎಳೆಯೂ ಉಳಿಸಿರಲಿಲ್ಲ, ಅದೂ ನಿನ್ನ ಮೈಗೆ. ತಪ್ಪು ನನ್ನದು. ಇದನ್ನು ಎರಡನೇ ಸಲ ಹೇಳುವುದಿಲ್ಲ, ತಮ್ಮನಿಗೂ ತಿಳಿಸಬೇಡ.

ನಿನಗೆ ಒಳ್ಳೆಯದಾಗಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ,
ನಿನ್ನ ಅಮ್ಮ

ಮಡಿಸುವ ಮೊದಲು ಇಷ್ಟು: ಹದಿನೈದು ದಿನದ ಹಿಂದೆಯೇ ಆ ಮನೆಯನ್ನು ಬಿಟ್ಟುಕೊಟ್ಟೆ. ಮುಂಗಡದಲ್ಲಿ ಅರ್ಧ ಹೋಯಿತು. ಔಷಧಿ ಅಂಗಡಿಯವನು ಕೊಂಡುಕೊಂಡು ಬಾಗಿಲಿಗೆ ಹಸಿರು ಬಣ್ಣ ಬಳಿದಿದ್ದಾನೆ. ಈಗ ನಾನು ಆ ಬೀದಿಯಲ್ಲಿ ಓಡಾಡುವುದಿಲ್ಲ. ಮಿಕ್ಕದ್ದನ್ನೆಲ್ಲ ತಮ್ಮ ಹೇಳಿದ ಫಂಡಿಗೆ ಹಾಕಿದೆ. ಆಗಲೇ ಇಳಿದಿದೆಯಂತೆ. ಅದನ್ನು ಮುಟ್ಟುವಂತಾಗಬಾರದೆಂದು ಬಾಡಿಗೆ ಮನೆಯನ್ನೂ ಬಿಟ್ಟು ಅಂಗಡಿಯ ಹಿಂದಿನ ಕೋಣೆಗೆ ಬಂದಿದ್ದೇನೆ. ಅಪ್ಪನ ಫೋಟೊ ಇಲ್ಲಿಯೂ ಒರಗಿಯೇ ನಿಂತಿದೆ. ಅದಕ್ಕೆ ಬೆನ್ನು ಮಾಡಿ ಕೂತು ಬರೆಯುತ್ತಿದ್ದೇನೆ. ಕರಾರಿಗೆ ರುಜು ಹಾಕಬೇಡ, ಹೊರಟು ಬಾ. ಸೂಜಿಗೆ ದಾರ ಪೋಣಿಸಲಾಗದಿದ್ದರೆ ನಾನು ಪೋಣಿಸಿ ಕೊಡುತ್ತೇನೆ. ಇಲ್ಲಿ ಎರಡು ಹೊಲಿಗೆ ಮಿಷನ್ ಹಿಡಿಸುವುದಿಲ್ಲ ಅಂದರು, ಹೊತ್ತು ತಂದ ಆಳುಗಳು. ನನ್ನ ಮಂಚವನ್ನು ಎತ್ತಿ ಗೋಡೆಗೆ ನಿಲ್ಲಿಸಿ, ನಿನ್ನ ಮಿಷನ್ನನ್ನು ಕಿಟಕಿಯ ಪಕ್ಕಕ್ಕೆ ಹಾಕಿಸಿದ್ದೇನೆ.