ಮೂರನೇ ಸುತ್ತಿನ ಸರದಿ

ಪೋರ್ಟ್ ಹ್ಯಾರೋ, ಒಹಾಯೊ
ಮಾರ್ಚ್ 18, ಬುಧವಾರ

ಪ್ರೀತಿಯ ಮಾರೆಕ್,

ಮೊದಲು ಉತ್ತರ ಹೇಳಿಬಿಡುತ್ತೇನೆ. ಆಮೇಲೆ ಬೇಕಾದರೆ ಓದು, ಬೇಡವಾದರೆ ಹರಿದು ಹಾಕು. ಇಲ್ಲ. ನಿನ್ನನ್ನು ನಮ್ಮ ಸ್ಟೋಕರ್ಸ್ ಫುಟ್‌ಬಾಲ್ ತಂಡಕ್ಕೆ ತೆಗೆದುಕೊಳ್ಳುವುದಿಲ್ಲ. ಈ ತಂಡದಲ್ಲಿ ಯಾರು ಆಡಬೇಕು ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ನಾನು ಕೂತಿರುವವರೆಗೂ ಇಲ್ಲ.

ಭಾನುವಾರ ನೀನು ಅಡುಗೆಮನೆಯಲ್ಲಿ ನಿಂತು ಕೇಳಿದಾಗ ಎಲೆಕೋಸಿನ ಹಲುಷ್ಕಿ ಮಾಡಿದ ಬಾಣಲೆಯನ್ನು ಆಗಲೇ ತೊಳೆದಾಗಿತ್ತು, ಅದನ್ನೇ ಮತ್ತೆ ತಿಕ್ಕುತ್ತ ನಿಂತೆ. "ಬೇರೆಯವರ ಮಕ್ಕಳನ್ನೆಲ್ಲ ಕರ್ಕೊಂಡ್ ಬಂದು ಸಾಕ್ತೀಯ, ನಿನ್ ಮಗ ಮಾತ್ರ ನಿಂಗೆ ಬೇಡ, ಅಲ್ವಾಮ್ಮಾ?" ಎಂದು ಕೇಳಿ, ಬೀದಿಗೆಲ್ಲ ಕೇಳುವಂತೆ ಕಾರಿನ ಬಾಗಿಲು ಹಾಕಿಕೊಂಡು ಹೊರಟೆ. ಎದುರು ಮನೆಯ ಇರೀನಾ ಪರದೆ ಸರಿಸಿ ನೋಡಿದಳು. ಫೋನು ಮಾಡೋಣವೆಂದರೆ ನೀನು ಅರ್ಧ ಮಾತಿನಲ್ಲೇ ಇಟ್ಟುಬಿಡುತ್ತೀಯ. ಆ ಗುಣ ನನ್ನಿಂದಲೇ ಬಂದದ್ದು, ದೂರುವ ಹಾಗಿಲ್ಲ. ಅದಕ್ಕೇ ಕಾಗದ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ತಂಡದ ಮಾಲೀಕ ಪ್ರೂಯಿಟ್ ನೀನು ಕೇಳುವ ಮೊದಲಿಂದಲೇ ನಿನ್ನನ್ನು ತರಬೇಕೆಂದು ಕುಣಿಯುತ್ತಿದ್ದಾನೆ. ಸೋಮವಾರ ಕರೆಸಿದ. ಮೇಜಿನ ಮೇಲೆ ಕಾಲು ಚಾಚಿಕೊಂಡು, "ವೆರೋನಾ, ತಾಯಿ-ಮಗ! ಸ್ಟೇಡಿಯಂ ಗೋಡೆ ಮೇಲೆ ನಿಮ್ಮಿಬ್ರದ್ದೂ ಫೋಟೋ, ಐದು ಮಾಳಿಗೆ ಎತ್ತರ! ಜನ ಆಟ ಬೇಡ ಅಂದ್ರೂ ಅದನ್ನ ನೋಡೋಕೆ ಬರ್ತಾರೆ" ಎಂದ.

"ಗೋಡೆಗೆ ಫೋಟೋನೇ ಬೇಕಿದ್ರೆ ನನ್ ಮದುವೇದು ಕೊಡ್ತೀನಿ. ಅದ್ರಲ್ಲಿ ಸಣ್ಣಗೂ ಇದೀನಿ" ಎಂದೆ.

ಅವನು ನಗಲಿಲ್ಲ. ಕಾಲು ಕೆಳಗಿಳಿಸಿದ. "ಶುಕ್ರವಾರದೊಳಗೆ ನಿಮ್ ಮಗ ಸಹಿ ಹಾಕ್ಬೇಕು. ಆಗಲ್ಲ ಅಂದ್ರೆ ನಿಮ್ ಕೆಲಸ ಮಾಡೋಕೆ ಬೇರೆಯವರು ಸಿಕ್ತಾರೆ" ಎಂದ. "ಸಿಕ್ತಾರೆ, ಹುಡುಕಿ" ಎಂದು ಹೇಳಿ ಎದ್ದು ಬಂದೆ. ಹಾಗಾಗಿ ನನ್ನ ಕುರ್ಚಿಗೆ ಇನ್ನು ಎರಡು ದಿನ ಆಯುಸ್ಸಿದೆ. ನಿನ್ನ ಮೇಲೆ ಹೊರೆ ಹೊರಿಸಲು ಇದನ್ನು ಬರೆಯುತ್ತಿಲ್ಲ. ನಿನ್ನನ್ನು ಬೇಡ ಎನ್ನುವುದು ನನಗೆ ಸಲೀಸಾದ ಕೆಲಸ ಎಂದು ನೀನು ತಿಳಿದುಕೊಳ್ಳಬಾರದು, ಅಷ್ಟೇ.

ಊರವರ ಮಾತು ನಿನಗೂ ಕೇಳಿಸಿರುತ್ತದೆ. ಹೋದ ವರ್ಷ ಹದಿನೇಳು ಆಟದಲ್ಲಿ ನಾಲ್ಕು ಗೆದ್ದೆವು. ರೇಡಿಯೋದಲ್ಲಿ ನಮ್ಮ ತಂಡಕ್ಕೆ ವೆರೋನಮ್ಮನ ಶಿಶುವಿಹಾರ ಎಂದು ಹೆಸರಿಟ್ಟಿದ್ದಾರೆ. "ಆಟಕ್ಕಿಳಿಸೋ ಮುಂಚೆ ಮೂಗು ಒರೆಸಿ ಕಳ್ಸಮ್ಮ" ಎಂದು ಒಬ್ಬ ಪ್ರತಿ ಮಂಗಳವಾರ ತಪ್ಪದೆ ಅಲ್ಲಿಗೆ ಫೋನು ಮಾಡುತ್ತಾನೆ. ಮಾಡಲಿ. ನಮ್ಮ ಹುಡುಗರಲ್ಲಿ ಮುಕ್ಕಾಲು ಪಾಲು ಇಪ್ಪತ್ತನಾಲ್ಕು ದಾಟಿಲ್ಲ. ಎಲ್ಲರನ್ನೂ ಕಾಲೇಜಿನಿಂದ, ತಂಡಗಳೆಲ್ಲ ಸುತ್ತು ಸುತ್ತಾಗಿ ಒಬ್ಬೊಬ್ಬ ಹುಡುಗನನ್ನು ಆರಿಸಿಕೊಳ್ಳುವ ಏಪ್ರಿಲ್ ತಿಂಗಳ ಡ್ರಾಫ್ಟಿನಲ್ಲಿ, ನಮ್ಮ ಸರದಿ ಬಂದಾಗ ನಾನೇ ಹೆಸರು ಹಿಡಿದು ಆರಿಸಿದ್ದೇನೆ. ಬೇರೆ ತಂಡ ಬಿಟ್ಟವರ ಸಂತೆಯಿಂದ ಒಬ್ಬನನ್ನೂ ಹಿಡಿದು ತಂದಿಲ್ಲ.

ನನಗಿಂತ ಮುಂಚೆ ಇದ್ದವರು ತಂದರಲ್ಲ, ನೆನಪಿದೆಯೇ? ಒಂದೇ ಮಾರ್ಚಿನಲ್ಲಿ ಐದು ದೊಡ್ಡ ಹೆಸರುಗಳು. ವಿಮಾನ ನಿಲ್ದಾಣದಲ್ಲಿ ಬ್ಯಾಂಡು ಬಾರಿಸಿದರು. ನವೆಂಬರಿಗೆ ಅವರಲ್ಲಿ ಮೂವರು ಐಸ್ ಕಟ್ಟಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಒಬ್ಬ ಆಟಗಾರನನ್ನು ಅವನ ತಂಡ ಯಾಕೆ ಕೈಬಿಟ್ಟಿತು ಎನ್ನುವುದು ಆ ತಂಡಕ್ಕೆ ಗೊತ್ತು, ಕೊಂಡವನಿಗೆ ಕೊಂಡ ಮೇಲೆ ಗೊತ್ತಾಗುತ್ತದೆ. ನಾನು ಆರಿಸಿದ ಹುಡುಗರ ವಿಷಯ ಹಾಗಲ್ಲ. ನಮ್ಮ ಸಾಲಿನ ನಡುವೆ ನಿಲ್ಲುವ ಬಕ್ನರ್‌ನನ್ನೇ ತೆಗೆದುಕೋ. ಅವನ ಕಾಲೇಜಿಗೆ ಹೋದಾಗ ನಾನು ತರಬೇತುದಾರನನ್ನು ಕೇಳಲಿಲ್ಲ, ಬಟ್ಟೆ ಒಗೆಯುವ ಹೆಂಗಸನ್ನು ಕೇಳಿದೆ. "ನೂರು ಜನ ಇದಾರೆ ಮೇಡಂ. ಕಾಲುಚೀಲನ ಒಳಮಗ್ಗಲು ತಿರುಗಿಸಿ ಸರಿ ಮಾಡಿ ಬುಟ್ಟಿಗೆ ಹಾಕೋನು ಅವನೊಬ್ನೇ" ಎಂದಳು. ಐದನೇ ಸುತ್ತಿನವರೆಗೂ ಅವನನ್ನು ಯಾರೂ ಕೇಳಿರಲಿಲ್ಲ. ಈಗ ಎದುರಾಳಿಯ ಸಾಲಿನಲ್ಲಿ ಯಾರು ಯಾವ ಕಡೆ ನುಗ್ಗುತ್ತಾರೆಂದು ಉಳಿದವರಿಗೆಲ್ಲ ಕೂಗಿ ಹೇಳುವವನು ಅವನೇ.

ಇನ್ನು ನಿನ್ನ ವಿಷಯ. ಕರಾರು ಮುಗಿದು ನೀನೂ ಈಗ ಅದೇ ಸಂತೆಯಲ್ಲಿ ನಿಂತಿದ್ದೀಯ. ಈ ತಿಂಗಳು ನಮ್ಮ ಮೂವರು ಬೇರೆ ತಂಡಗಳಿಗೆ ಹೋದರು. ಹೋದವರ ಜಾಗಕ್ಕೆ ಹೊರಗಿನವರನ್ನು ಕೊಳ್ಳದೆ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದರೆ, ಮುಂದಿನ ವರ್ಷದ ಡ್ರಾಫ್ಟಿನಲ್ಲಿ ಲೀಗಿನವರು ನಮಗೆ ಹೆಚ್ಚಿನ ಸರದಿ ಕೊಡುತ್ತಾರೆ. ನಿನ್ನನ್ನು ತಂದೆನೋ, ಅದರಲ್ಲಿ ಮೂರನೇ ಸುತ್ತಿನ ಒಂದು ಸರದಿ ಅಳಿಸಿಹೋಗುತ್ತದೆ. ಆ ಸರದಿಯಲ್ಲಿ ಬರಬೇಕಾದ ಹುಡುಗ ಈಗ ಯಾವುದೋ ಕಾಲೇಜಿನಲ್ಲಿ ಬೆವರು ಸುರಿಸುತ್ತಿದ್ದಾನೆ. ಅವನ ಹೆಸರೂ ನನಗೆ ಗೊತ್ತಿಲ್ಲ. ಹೆಸರು ಗೊತ್ತಿಲ್ಲದವನಿಗೋಸ್ಕರ ನನ್ನನ್ನು ಬಿಡುತ್ತೀಯಾ ಎಂದು ನೀನು ಕೇಳುತ್ತೀಯ. ಹೌದು, ಬಿಡುತ್ತೇನೆ.

ಮೂರನೇ ಸುತ್ತು ಎಂದು ಬರೆಯುವಾಗ ಕೈ ನಿಂತಿತು. ಒಂಬತ್ತು ವರ್ಷದಿಂದ ಹೇಳದೆ ನುಂಗಿಕೊಂಡಿರುವುದನ್ನು ಈಗ ಹೇಳದಿದ್ದರೆ ಈ ಕಾಗದಕ್ಕೆ ಅರ್ಥವಿಲ್ಲ.

ನೀನು ಕಾಲೇಜು ಮುಗಿಸಿದ ವರ್ಷ ನಾನಿನ್ನೂ ಇಲ್ಲಿ, ಹುಡುಗರ ಆಟ ನೋಡಿ ಯಾರು ಯಾವ ಸುತ್ತಿಗೆ ತಕ್ಕವರೆಂದು ಬರೆದುಕೊಡುವ ಸ್ಕೌಟ್. ಒಹಾಯೊ, ಪೆನ್ಸಿಲ್ವೇನಿಯದ ಕಾಲೇಜುಗಳೆಲ್ಲ ನನ್ನ ಪಾಲಿಗೆ. ಆರ್ಲೋ ಬ್ರೌಡರ್ ನನ್ನ ಮೇಲಧಿಕಾರಿ. ನಿನ್ನ ಕಾಲೇಜನ್ನು ಬೇರೆಯವರಿಗೆ ಕೊಡಿ ಎಂದು ನಾನೇ ಕೇಳಿಕೊಂಡೆ. "ಯಾಕಮ್ಮ? ಆ ಹುಡುಗನ್ನ ನಿನ್ನಷ್ಟು ಸಲ ನೋಡಿರೋರು ಯಾರಿದಾರೆ? ಬರಿ. ನೋಡ್ಕೊಳಕ್ಕೆ ನಾನಿಲ್ವಾ?" ಎಂದರು. ಬ್ರೌಡರ್ ನೋಡಿಕೊಳ್ಳುವ ರೀತಿ ಏನೆಂದರೆ, ಯಾವ ಸ್ಕೌಟ್ ಯಾವ ಹುಡುಗನನ್ನು ಹಚ್ಚಿಕೊಂಡಿದ್ದಾನೋ, ಆ ಹುಡುಗನಿಗೆ ಅವನು ಕೊಟ್ಟ ದರ್ಜೆಯಿಂದ ಒಂದು ಮೆಟ್ಟಿಲು ತಾವೇ ಇಳಿಸುವುದು. ಪ್ರೀತಿಯ ತೂಕ ಕಳೆಯುವುದು ಎನ್ನುತ್ತಿದ್ದರು. ಎಲ್ಲರಿಗೂ ಗೊತ್ತಿದ್ದದ್ದೇ. ಕೆಲವರು ಅದಕ್ಕೆಂದೇ ಒಂದು ಮೆಟ್ಟಿಲು ಹೆಚ್ಚಿಗೆ ಬರೆಯುತ್ತಿದ್ದರು.

ನಾನು ಹೆಚ್ಚಿಗೆ ಬರೆಯಲಿಲ್ಲ ಮಾರೆಕ್. ನೀನು ಎರಡನೇ ಸುತ್ತಿನ ಹುಡುಗ ಎಂದು ನನ್ನ ಕಣ್ಣು ಹೇಳಿತು. ತಾಯಿ ಮಗನನ್ನು ಎತ್ತಿ ಕೂರಿಸಿದಳು ಎಂದು ಯಾರೂ ಬೆರಳು ತೋರಿಸಬಾರದೆಂದು ನಾನೇ ಒಂದು ಮೆಟ್ಟಿಲು ಇಳಿಸಿ, ಮೂರನೇ ಸುತ್ತು ಎಂದು ಬರೆದುಕೊಟ್ಟೆ. ಇಳಿಸಿದ್ದೇನೆ ಎಂದು ಬ್ರೌಡರ್‌ಗೆ ಹೇಳಲಿಲ್ಲ. ಅವರು ತಮ್ಮ ಪದ್ಧತಿಯಂತೆ ಮತ್ತೊಂದು ಮೆಟ್ಟಿಲು ಇಳಿಸಿ ನಿನ್ನ ಹೆಸರಿನ ಚೀಟಿಯನ್ನು ನಾಲ್ಕನೇ ಸುತ್ತಿನ ಕೆಳಗೆ ಹಲಗೆಗೆ ಅಂಟಿಸಿದರು. ಮೂರನೇ ಸುತ್ತಿನಲ್ಲಿ ನಮ್ಮ ಸರದಿ ಬಂತು. ಐದು ನಿಮಿಷದ ಗಡಿಯಾರ ಓಡುತ್ತಿತ್ತು. ನಿನ್ನ ಚೀಟಿ ನನ್ನ ಕಣ್ಣಿನ ಎತ್ತರಕ್ಕೇ ಇತ್ತು. ಆ ಐದು ನಿಮಿಷವೂ ನಾನು ತುಟಿ ಪಿಟಕ್ಕೆನ್ನಲಿಲ್ಲ. ಅವರು ಇನ್ಯಾರನ್ನೋ ಆರಿಸಿದರು, ಅವನು ಎರಡು ವರ್ಷಕ್ಕೆ ಮನೆಗೆ ಹೋದ. ನಮ್ಮ ನಂತರ ಆರನೆಯವರು ನಿನ್ನನ್ನು ಎತ್ತಿಕೊಂಡರು. ನೀನು ಇಡೀ ದೇಶ ದಾಟಿ ಪಶ್ಚಿಮ ಕರಾವಳಿಗೆ ಹೋದೆ. ಒಂಬತ್ತು ಕ್ರಿಸ್‌ಮಸ್‌ನಲ್ಲಿ ಏಳನ್ನು ನಾನೊಬ್ಬಳೇ ಮಾಡಿದ್ದೇನೆ.

ಅಂದು ಸಂಜೆ ಬ್ರೌಡರ್ ನನ್ನ ಕೈಬರಹದ ಮೊದಲ ಪ್ರತಿ ನೋಡಿದರು. "ವೆರೋನಾ, ನೀನೂ ಇಳ್ಸಿದ್ಯಾ?" ಎಂದರು. ಹೂಂ ಎಂದೆ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಹುಚ್ಚಿ. ಒಂದ್ ಮಾತು ಹೇಳ್ಬಾರ್ದಾಗಿತ್ತಾ?" ಎಂದರು. ತಾಯಿ ಕೆಲಸ ಮಾಡುವ ಕಡೆ ಮಗ ಬೇಡವೆಂದು ಬ್ರೌಡರ್ ಅಡ್ಡಗಾಲು ಹಾಕಿದರು ಎಂದು ನೀನು ಊರೆಲ್ಲ ಬೈದುಕೊಂಡು ತಿರುಗಿದೆಯಲ್ಲ, ನಿಜ ಹೇಳಿಬಿಡುತ್ತೇನೆ ಎಂದು ನಾನು ಹೊರಟಾಗ ಅವರೇ ತಡೆದರು. "ನನ್ ಮೇಲೇ ಇರ್ಲಿ ಬಿಡು. ಅವನು ರಜಕ್ಕೆ ಬಂದ್ರೆ ಊಟ ಮಾಡೋದು ನಿನ್ ಮನೇಲಿ ತಾನೆ" ಎಂದರು. ನಾನು ಸುಮ್ಮನಾದೆ. ಅವರು ತೀರಿಕೊಂಡಾಗ ನೀನು ಮಣ್ಣಿಗೂ ಬರಲಿಲ್ಲ. ನಾನು ಅಲ್ಲಿ ನಿಂತು ನಾಚಿಕೆಯಿಂದ ಸತ್ತೆ. ಬೈಯುವುದಿದ್ದರೆ ನನ್ನನ್ನು ಬೈ, ಆ ಪುಣ್ಯಾತ್ಮನನ್ನು ಬಿಡು.

ಈಗ ಆ ತಪ್ಪನ್ನು ಸರಿಮಾಡುವ ಅವಕಾಶ ಬಂದಿದೆಯಲ್ಲ, ತಗೋ ಎಂದು ನೀನು ಹೇಳಬಹುದು. ನನ್ನ ಹೆತ್ತ ಕರುಳೂ ಅದನ್ನೇ ಹೇಳಿತು. ಅದಕ್ಕೆ ಭಾನುವಾರ ನೀನು ಹೋದ ಮೇಲಿಂದ ಮಂಗಳವಾರ ಮಧ್ಯಾಹ್ನದವರೆಗೆ ಹೋದ ವರ್ಷ ನೀನು ಆಡಿದ ಹದಿನಾಲ್ಕು ಆಟದ ವಿಡಿಯೋವನ್ನೂ ಹಾಕಿಕೊಂಡು ನೋಡಿದೆ. ಹಿಂದೆ ಮುಂದೆ ಓಡಿಸಿ, ಬೇರೆಯವರ ಮಗನನ್ನು ನೋಡುವ ಹಾಗೆ ನೋಡಿದೆ. ಒಂದು ಚೂರೂ ಏರಿಸಲಿಲ್ಲ, ಇಳಿಸಲೂ ಇಲ್ಲ.

ಚೆಂಡು ಹಿಡಿದು ಎದುರಿಗೆ ಬರುವವನನ್ನು ಕೆಡವುವುದರಲ್ಲಿ ನಿನ್ನ ಸಮ ಈಗಲೂ ಇಡೀ ಲೀಗಿನಲ್ಲಿ ಹತ್ತು ಜನ ಇಲ್ಲ. ಎಡಕ್ಕೆ ತಿರುಗುವಾಗ ಮಂಡಿ ಅರ್ಧ ಹೆಜ್ಜೆ ತಡಮಾಡುತ್ತದೆ. ಅದನ್ನು ಮುಚ್ಚಲು ನೀನು ಮೊದಲೇ ಊಹಿಸಿ ಹೊರಡುತ್ತೀಯ, ಹತ್ತರಲ್ಲಿ ಎಂಟು ಸಲ ಸರಿಯಾಗುತ್ತದೆ. ನಿನ್ನಲ್ಲಿ ಇನ್ನು ಎರಡು ಒಳ್ಳೆಯ ವರ್ಷಗಳಿವೆ. ನನ್ನ ಹುಡುಗರು ಗೆಲ್ಲಲು ಇನ್ನು ಮೂರು ವರ್ಷ ಬೇಕು. ಅವರು ಗೆಲ್ಲುವ ಹೊತ್ತಿಗೆ ನೀನು ಸೋಫಾದ ಮೇಲೆ ಕೂತು ಮಂಡಿಗೆ ಮುಲಾಮು ಹಚ್ಚಿಕೊಳ್ಳುತ್ತಿರುತ್ತೀಯ. ನಿನ್ನ ಎರಡು ವರ್ಷವನ್ನು ಸೋಲುವ ತಂಡಕ್ಕೆ ಸುರಿದು, ಗೋಡೆಯ ಮೇಲಿನ ಫೋಟೋಗೆ ಹಲ್ಲು ಕಿರಿಯುವುದಕ್ಕೆ ನಿನ್ನನ್ನು ಹೆರಲಿಲ್ಲ.

ನನಗೆ ನೀನು ಬೇಕು. ಪಕ್ಕದ ಬೀದಿಯಲ್ಲಿ ಇರಬೇಕು, ಭಾನುವಾರ ಊಟಕ್ಕೆ ಬರಬೇಕು, ಬಾಗಿಲು ಧಡಾರೆಂದು ಹಾಕಿದರೂ ಪರವಾಗಿಲ್ಲ. ತಂಡಕ್ಕೆ ಮಾತ್ರ ನೀನು ಬೇಡ. ಆವತ್ತು ಜನರ ಬಾಯಿಗೆ ಹೆದರಿ ನಿನ್ನನ್ನು ಬಿಟ್ಟೆ. ಈಗ ಪ್ರೂಯಿಟ್‌ಗೆ ಹೆದರಿ ನಿನ್ನನ್ನು ತಂದರೆ ಅದೂ ಅದೇ ಹೆದರಿಕೆ. ಈ ಸಲ ನನ್ನ ಕಣ್ಣು ಹೇಳಿದ್ದನ್ನೇ ಬರೆಯುತ್ತೇನೆ, ಕುರ್ಚಿ ಇರಲಿ ಹೋಗಲಿ.

ಮಂಡಿಗೆ ತಣ್ಣನೆಯ ನೀರು ಮಾತ್ರ ಸಾಲದು, ವ್ಯಾಯಾಮ ಬಿಡಬೇಡ.

ಮೊಂಡುತನದಲ್ಲಿ ನಿನಗಿಂತ ಒಂದು ಕೈ ಮೇಲಿರುವ
ನಿನ್ನ ಅಮ್ಮ,
ವೆರೋನಾ

ಮತ್ತೊಂದು ಮಾತು: ಶುಕ್ರವಾರ, ಸಂಜೆ ಐದು ಗಂಟೆ. ಕಾಗದವನ್ನು ಎರಡು ದಿನ ಚೀಲದಲ್ಲೇ ಇಟ್ಟುಕೊಂಡಿದ್ದೆ, ಈಗ ನೀನು ಇಳಿದುಕೊಂಡಿರುವ ಹೋಟೆಲಿಗೆ ನಾನೇ ತಂದುಕೊಟ್ಟು ಹೋಗುತ್ತೇನೆ. ಪ್ರೂಯಿಟ್ ಮೂರು ಗಂಟೆಗೆ ನನ್ನನ್ನು ಕೆಲಸದಿಂದ ತೆಗೆದ. ಬಕ್ನರ್ ನನ್ನ ಪೆಟ್ಟಿಗೆ ಹೊತ್ತು ಕಾರಿನವರೆಗೆ ಬಂದು ಅತ್ತ, ನಾನು ಅಳಲಿಲ್ಲ. ಇವತ್ತೇ ಪ್ರೂಯಿಟ್ ನಿನಗೆ ಫೋನು ಮಾಡುತ್ತಾನೆ. ಒಳ್ಳೆಯ ಕರಾರೇ ಕೊಡುತ್ತಾನೆ, ಸಹಿ ಹಾಕಿದರೆ ತಡೆಯಲು ಈಗ ನಾನು ಯಾರೂ ಅಲ್ಲ. ಆದರೆ ಅವನಿಗೆ ಹೂಂ ಎನ್ನುವ ಮುಂಚೆ ಇದನ್ನು ತಿಳಿದುಕೋ. ಮಂಗಳವಾರ, ಈ ಕಾಗದ ಶುರು ಮಾಡುವ ಮುಂಚೆಯೇ, ನಿನ್ನ ಹದಿನಾಲ್ಕು ಆಟದ ಬಗ್ಗೆ ನಾಲ್ಕು ಪುಟ ಬರೆದು, ಕೆಳಗೆ ನನ್ನ ಹೆಸರು ಹಾಕಿ, ಮಿಲ್‌ಹೇವನ್ ತಂಡದ ಓಸ್ಗುಡ್‌ಗೆ ಕಳಿಸಿದ್ದೇನೆ. ಹೌದು, ನಮ್ಮ ಬದ್ಧವೈರಿ ಮಿಲ್‌ಹೇವನ್‌ಗೇ. ಪ್ರೂಯಿಟ್‌ಗೆ ತಿಳಿದಿದ್ದರೆ ಶುಕ್ರವಾರದವರೆಗೂ ಕಾಯುತ್ತಿರಲಿಲ್ಲ. ಅವರು ಈ ವರ್ಷವೇ ಗೆಲ್ಲುವ ತಂಡ, ರಕ್ಷಣೆಯ ನಡುವೆ ನಿಲ್ಲಲು ಒಬ್ಬ ಹಳೆಯ ಹುಲಿ ಬೇಕಾಗಿದ್ದಾನೆ. ಓಸ್ಗುಡ್ ಇವತ್ತು ಬೆಳಿಗ್ಗೆ ಫೋನು ಮಾಡಿ, "ಬೇರೆ ಯಾರಾದ್ರೂ ಬರೆದಿದ್ರೆ ನಂಬ್ತಿರ್ಲಿಲ್ಲ ಕಣ್ರೀ. ನೀವು ಮಗನ ಮಂಡಿ ಬಗ್ಗೇನೂ ಬರ್ದಿದೀರಲ್ಲ, ಸೋಮವಾರ ಕಳ್ಸಿ" ಎಂದ. ಮಿಲ್‌ಹೇವನ್ ಇಲ್ಲಿಂದ ಕಾರಿನಲ್ಲಿ ಎರಡು ಗಂಟೆ. ವರ್ಷಕ್ಕೊಮ್ಮೆ ಅವರು ಇಲ್ಲಿಗೆ ಬಂದು ಆಡಬೇಕು. ಬಾ. ನನ್ನ ಹುಡುಗರ ಮೇಲೆ ಕನಿಕರ ತೋರಿಸಬೇಡ, ಕೆಡವು. ಅವರು ಏಳುತ್ತಾರೆ. ನಾನು ಟಿಕೆಟ್ ಕೊಂಡು ಜನರ ನಡುವೆ ಕೂತಿರುತ್ತೇನೆ. ಯಾರ ಪರವಾಗಿ ಕೂಗುತ್ತೀಯ ಎಂದು ಮಾತ್ರ ಕೇಳಬೇಡ.