ಕಚೇರಿ ಬಾಗಿಲಿನಿಂದ ಕೋಟೆಯ ಮೆಟ್ಟಿಲಿಗೆ

ಕಾರಟಗಿಯ ಅಕ್ರಮ್ ಅವರಿಗೆ, ಕೊಪ್ಪಳದಿಂದ ಅತೀಯಾ ಬರೆಯುವುದು.

ನಿಮ್ಮ ಕಾಲಿನ ಸುದ್ದಿ ತಿಳಿಯಿತು. ಸಮಾಧಾನ ಹೇಳಲು ಬರೆದ ಕಾಗದವಲ್ಲ ಇದು. ಕ್ಷಮೆ ಕೇಳಲೂ ಅಲ್ಲ.

ಹದಿನಾಲ್ಕು ವರ್ಷಗಳ ಹಿಂದೆ ನಮ್ಮ ಮದುವೆಯ ತಾರೀಖು ಗೊತ್ತಾಗಿತ್ತು. ಪೋಲಿಯೊದಿಂದ ನನ್ನ ಎಡಗಾಲು ಸಣ್ಣದಾದ ವಿಷಯ ನಿಮಗೆ ಮೊದಲೇ ತಿಳಿದಿತ್ತು. "ಕಾಲು ಕಟ್ಕೊಂಡು ಏನ್ ಮಾಡೂದೈತಿ, ಮನಸು ಛಲೋ ಇದ್ರ ಸಾಕು" ಎಂದು ಫೋನಿನಲ್ಲಿ ಹೇಳಿದವರು ನೀವೇ. ಆ ಮಾತನ್ನು ನಾನು ಎಷ್ಟು ದಿನ ಒಳಗೊಳಗೇ ಮುದ್ದಿಸಿದ್ದೆ! ಆಮೇಲೆ ನಿಮ್ಮ ತಾಯಿ ಸರ್ದಾರಬೀ ನಿಮ್ಮನ್ನೂ ಏಳೆಂಟು ಮಂದಿಯನ್ನೂ ಕರೆತಂದು ನಮ್ಮ ಪಡಸಾಲೆಯಲ್ಲಿ ಕುಳಿತರು. "ಬಾಗಲದಿಂದ ಕಿಟಕಿತನಕ ಒಂದ್ಸಲ ನಡದು ತೋರಸವಾ" ಎಂದರು. ನಾನು ನಿಮ್ಮ ಮುಖ ನೋಡಿದೆ. ನೀವು ಬೇಡವೆನ್ನಲಿಲ್ಲ. ನಡೆದೆ. ತಿರುಗಿ ಬರುವಾಗ ನಿಮ್ಮ ದನಿ ಕೇಳಿಸಿತು: "ಮೆರವಣಿಗ್ಯಾಗ ಇಕೀನ್ನ ಹೊತ್ಕೊಂಡು ಹೋಗೂದ ಆತು ಬಿಡ್ರಿ." ಎಲ್ಲರೂ ನಕ್ಕರು. ನಮ್ಮ ಅಪ್ಪ ಉಮರಸಾಬರು ಚಹಾದ ತಟ್ಟೆ ಹಿಡಿದು ನಿಂತೇ ಇದ್ದರು. ಮರುದಿನ ನೀವು ಉಂಗುರ ವಾಪಸು ಕಳಿಸಿದಿರಿ.

ಮಂದಿಯ ಎದುರು ನಡೆಯುವುದನ್ನೇ ಬಿಟ್ಟೆ. ಊರು ಏಳುವ ಮುನ್ನ ಹಳೇ ಪೇಟೆಯಲ್ಲಿ ಒಬ್ಬಳೇ ಸುತ್ತುತ್ತಿದ್ದೆ. ನಿಜಾಮರ ಕಾಲದ ಕಚೇರಿ, ಇಂಗ್ಲಿಷ್ ದೊರೆಗಳು ಬಂದರೆ ಇಳಿಯುತ್ತಿದ್ದ ಬಂಗಲೆ, ಅದರ ಹಿಂದಿನ ಕುದುರೆಲಾಯ, ಯಾವ ಕಲ್ಲು ಅಲುಗುತ್ತದೆ, ಎಲ್ಲಿ ಕಾಲು ಜಾರುತ್ತದೆ ಎಲ್ಲವೂ ಬಾಯಿಪಾಠವಾಯಿತು. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಕೆಲಸ ಸಿಕ್ಕ ಮೇಲೆ, ತಿಂಗಳಿಗೊಂದು ಭಾನುವಾರ ಆಸಕ್ತರನ್ನು ಅಲ್ಲಿ ನಡೆಸಿ ತೋರಿಸತೊಡಗಿದೆ.

ಹೋದ ತಿಂಗಳಿನ ಆ ಭಾನುವಾರ ಹೆಂಡತಿ ಶಾಯಿಸ್ತಾಳೊಂದಿಗೆ ನೀವು ಬಂದಿರಿ. ದಪ್ಪಗಾಗಿದ್ದಿರಿ, ಕೂದಲು ಉದುರಿತ್ತು. ನೋಡಿದ ಕೂಡಲೇ ಗುರುತಿಸಿದೆ. ದೂಳಿಗೆಂದು ನನ್ನ ಮುಖಕ್ಕೆ ಮಾಸ್ಕ್ ಇತ್ತು. ನಿಮಗೆ ಗುರುತು ಹತ್ತಲಿಲ್ಲವೆಂದೇ ತಿಳಿದೆ.

ನಮ್ಮ ನಡಿಗೆ ಯಾವಾಗಲೂ ಕಚೇರಿ ಬಾಗಿಲಲ್ಲಿ ಮುಗಿಯುತ್ತದೆ. ಅಲ್ಲಿ ನಿಮ್ಮ ಹೆಂಡತಿ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಮೇಡಂ, ಇವರಿಗೆ ಸಕ್ಕರಿ ಕಾಯಿಲೆ ಐತ್ರಿ. ಬಲಗಾಲಾಗ ಗಾಯ ಆಗೇತಿ. ಇಲ್ಲೇ ಸಾಕು ಮಾಡೂಣ್ರಿ."

ನಾನು ಎಲ್ಲರಿಗೂ ಕೇಳುವಂತೆ ಅಂದೆ: "ಇವತ್ತು ಕೋಟಿತನಕ ಹೋಗೂಣ್ರಿ. ನಡಿಯಾಕ ಆಗದವ್ರು ಇಲ್ಲೇ ಕುಂದರಬಹುದು."

ಉಳಿದವರು ಕುಂಟುತ್ತಿದ್ದ ನಿಮ್ಮ ಕಡೆ ನೋಡಿದರು. ಒಬ್ಬಿಬ್ಬರು ನಕ್ಕರು. ನೀವು ಹೆಂಡತಿಯ ಕೈ ಬಿಡಿಸಿಕೊಂಡು ನನ್ನ ಹಿಂದೆ ಬಂದಿರಿ.

ಬೇಕೆಂದೇ ಬಿಸಿಲಿನ ದಾರಿ ಹಿಡಿದೆ. ಮೆಟ್ಟಿಲುಗಳ ನಡುವೆ ಎಲ್ಲೂ ನಿಲ್ಲಿಸಲಿಲ್ಲ. ಒಮ್ಮೆ ತಿರುಗಿದಾಗ ನಿಮ್ಮ ಬೂಟಿನ ಅಂಚಿನಲ್ಲಿ ಕಾಲುಚೀಲ ಕೆಂಪಾಗಿದ್ದು ಕಂಡಿತು. ಕಂಡ ಮೇಲೂ ಬುರುಜು ಕಟ್ಟಿದವರ ಕಥೆ ಹೇಳುತ್ತಾ ಇನ್ನಷ್ಟು ಮೇಲೆ ಹತ್ತಿದೆ. ಸುಳ್ಳೇಕೆ ಹೇಳಲಿ, ಅಷ್ಟು ಸುಖವನ್ನು ನಾನು ಬೇರೆ ಯಾವ ದಿನವೂ ಉಂಡಿಲ್ಲ.

ಹೋದ ವಾರ ಶಾಯಿಸ್ತಾ ಒಬ್ಬರೇ ಕಾಲೇಜಿಗೆ ಬಂದರು. ಗಾಯ ಕೊಳೆತು ಪಾದವನ್ನೇ ತೆಗೆದರೆಂದು ಹೇಳಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

"ಪೇಪರಿನ್ಯಾಗ ನಿಮ್ಮ ಹೆಸರು ನೋಡೇ ಬಂದಿದ್ರು ಮೇಡಂ. ತಪ್ಪಾತು ಅನ್ನಾಕ. ನಿಮ್ಮ ಮುಂದ ಬಂದು ನಿಂತಾಗ ಮಾತ ಬರಲಿಲ್ಲಂತ. 'ಆಕಿ ನಿಲ್ಲು ಅನ್ನೂತನಕ ನಡೀತೀನಿ' ಅಂದ್ರು ನನಗ." ಹೊರಡಲು ಎದ್ದು ಕೇಳಿದರು: "ನೀವು ಯಾಕ ನಿಲ್ಲು ಅನ್ನಲಿಲ್ರಿ?"

ಆ ಪ್ರಶ್ನೆಗೆ ಉತ್ತರವನ್ನು ನಿಮಗೆ ಕೊಡುತ್ತೇನೆ. ನೀವು ತಪ್ಪೊಪ್ಪಿಕೊಳ್ಳಲು ಬಂದಿದ್ದು ಗೊತ್ತಿದ್ದರೂ ನಾನು ನಿಲ್ಲಿಸುತ್ತಿರಲಿಲ್ಲ. ಎಷ್ಟು ರಾತ್ರಿ ಕೇಳಿಕೊಂಡರೂ ಮನಸ್ಸು ಇದನ್ನೇ ಹೇಳುತ್ತದೆ. ಅಂದು ನಗಿಸಿದ ನೀವು ಹೇಗೋ, ಇಂದು ಹತ್ತಿಸಿದ ನಾನೂ ಹಾಗೆಯೇ. ನನ್ನ ಪಾಲಿಗೆ ಉಳಿದದ್ದು ಈ ತಿಳಿವಳಿಕೆಯೊಂದೇ.

ಒಂದು ಮಾತು. ಇನ್ನು ಕೆಲ ದಿನಕ್ಕೆ ನಿಮ್ಮನ್ನು ಕೋಲು ಕೊಟ್ಟು ನಡೆಸುತ್ತಾರೆ. ಮಂದಿ ನೋಡುತ್ತಾರೆ, ಕೆಲವರು ನಗುತ್ತಾರೆ. ಅವರ ಮುಖ ನೋಡಬೇಡಿ. ಎರಡು ಹೆಜ್ಜೆ ಮುಂದಿನ ನೆಲ ನೋಡಿ. ಕಾಲಿಗಿಂತ ಮೊದಲು ಕಣ್ಣು ನಡೆಯಬೇಕು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಿಮಗೆ ಉಳಿದಿರುವ ಎಡಗಾಲನ್ನು ಅಲ್ಲಾಹನು ಕಾಯಲಿ.

ಅತೀಯಾ