ಮಾಸ್ಕಿನೊಳಗಿನ ನಿಲ್ದಾಣಗಳು

ವರ್ಲಿನ್ ಅಣ್ಣಾ,

ನೀನು ಸತ್ತಿದ್ದೀಯ, ಓದುವುದಿಲ್ಲ. ಬದುಕಿದ್ದಾಗಲೂ ನನ್ನ ಮಾತಿಗೆ ಕಿವಿಗೊಟ್ಟವನಲ್ಲ ಬಿಡು. ಭಯದಿಂದ ಎದೆ ಹೊಡೆದುಕೊಂಡಾಗ ನಾನು ರೈಲು ನಿಲ್ದಾಣಗಳ ಹೆಸರು ಗೊಣಗಿದರೆ, "ಬಾಯಿ ಮುಚ್ಚೋ ಹುಚ್ಚ, ಜನ ನೋಡ್ತಾರೆ" ಎಂದು ನೀನು ತಿವಿಯುತ್ತಿದ್ದೆ. ಇದು ಆಟಿಸಂ ಎಂದು ಡಾಕ್ಟರು ಹೇಳಿದಾಗಲೂ ನೀನು ನಕ್ಕೆ, ದಡ್ಡ.

ಈ ಕೋವಿಡ್ ಕಾಲದಲ್ಲಿ ಎಲ್ಲರಿಗೂ ಮಾಸ್ಕ್. ನನ್ನ ತುಟಿ ಯಾರಿಗೂ ಕಾಣದು. ಇವತ್ತು ಅಂಗಡಿಯ ಸಾಲಿನಲ್ಲಿ ಗೊಣಗುತ್ತಿದ್ದೆ. ಹಿಂದೆ ನಿಂತಿದ್ದ ಹೆಂಗಸು, "ತಾತ, ಸ್ವಲ್ಪ ಜೋರಾಗಿ ಹೇಳಿ, ನಂಗೂ ಭಯ ಆಗ್ತಿದೆ" ಎಂದಳು. ಅರವತ್ತು ವರ್ಷ ನಿನಗೆ ಹೊಳೆಯದ ಮಾತು!

"ಗ್ಲಾಸ್ಗೋ, ಮಾಲ್ಟಾ, ಹಾವರ್" ಎಂದೆ, ನಮ್ಮ ಸೀಮೆಯ ರೈಲು ದಾರಿಯಲ್ಲಿ ಒಂದರ ಹಿಂದೊಂದು ಬರುವ ಪುಟ್ಟ ನಿಲ್ದಾಣಗಳು. ಮೊನ್ನೆ ನೀನು ಒಬ್ಬನೇ ಸತ್ತ ಊರು ಹಾವರ್.

"ಆಮೇಲೆ ಯಾವ್ದು ತಾತ?" ಎಂದಳು.

ಹಾಳಾದವನೇ, ನಿನ್ನ ದೆಸೆಯಿಂದ ಹೇಳಲಾಗಲಿಲ್ಲ.